ಬಾರ್ಬಾ ಫ್ಲೋರಿಯೋಸರ ಗೀರು

ತಲೆಯ ಮೇಲೆ ಬರಿಯ ಆಕಾಶವಿದ್ದಾಗಲೂ ತಲೆ ತಗ್ಗಿಸಿ ನಡೆಯುವವರನ್ನು ಕಂಡರೆ ನಮ್ಮ ಹಳ್ಳಿಯಲ್ಲಿ ಯಾರೂ ಅದನ್ನು ವಿನಯವೆಂದು ತಿಳಿಯುವುದಿಲ್ಲ, ಅವರು ಗಣಿಯವರು. ಆ ಗಣಿಯವರಲ್ಲೂ ಬಾರ್ಬಾ ಫ್ಲೋರಿಯೋಸರ ನಡಿಗೆ ಬೇರೆ. ಊರಿನ ಹಿರಿಯರಿಗೆ ಸಲ್ಲುವ ಆ ‘ಬಾರ್ಬಾ’ ಎಂಬ ಮರ್ಯಾದೆಯ ಮಾತನ್ನು ಸೇರಿಸದೆ ಅವರ ಹೆಸರನ್ನು ಯಾರೂ ಹೇಳಿದ್ದಿಲ್ಲ. ಬೀದಿ ಎಷ್ಟೇ ಅಗಲವಿದ್ದರೂ ಗೋಡೆಯ ಮಗ್ಗುಲಿಗೇ ಸರಿದು, ಎಡಗೈಯ ಹಿಂಬದಿಯಿಂದ ಸುಣ್ಣದ ಗೋಡೆಯನ್ನು ಸವರುತ್ತ, ಪ್ರತಿ ಹೆಜ್ಜೆಗೂ ನೆಲದ ಅಪ್ಪಣೆ ಕೇಳುವವರಂತೆ ಬರುತ್ತಿದ್ದರು. ಈಚೆಗೆ ಗೋಡೆ ಮುಗಿದಲ್ಲಿ ಒಂದು ಕ್ಷಣ ನಿಲ್ಲುವುದೂ ಶುರುವಾಗಿತ್ತು. ಅವರು ಸುರಂಗ ಬಿಟ್ಟು ಇಪ್ಪತ್ತು ವರ್ಷವಾದರೂ ಸುರಂಗ ಅವರನ್ನು ಬಿಟ್ಟಿಲ್ಲ ಎಂದು ಊರು ನಗುತ್ತಿತ್ತು. ನಾನೂ ನಕ್ಕಿದ್ದೇನೆ. ಆ ನಗುವಿಗೆ ಈಗ ನಾಚುತ್ತೇನೆ.

ನಾಕ್ಸೋಸ್ ದ್ವೀಪದ ಈ ಬೆಟ್ಟಗಳ ಹೊಟ್ಟೆಯಲ್ಲಿರುವುದು ಕುರುಂದ, ಕತ್ತಿಗೆ ಸಾಣೆ ಹಿಡಿಯುವ ಕರಿಯ ಕಲ್ಲು. ಉಕ್ಕನ್ನೇ ಸವೆಸುವ ಆ ಕಲ್ಲಿನ ಮುಂದೆ ಗಾಜು ಯಾವ ಲೆಕ್ಕ? ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಕನ್ನಡಕ, ಕೈಗಡಿಯಾರ, ಕನ್ನಡಿ ಯಾವುದೂ ನಿರ್ಮಲವಾಗಿ ಉಳಿದದ್ದಿಲ್ಲ. ಬಾರ್ಬಾ ಫ್ಲೋರಿಯೋಸರಂತೂ ಗಣಿಯ ಕಾಲದ ಬೂದು ಕೋಟನ್ನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ; ಅವರ ಹೆಂಡತಿ ಕಲಿರೋಯಿ ಅದನ್ನು ಎಷ್ಟು ಸಲ ಒಗೆದರೂ ಜೇಬಿನ ಹೊಲಿಗೆಯಿಂದ ಮಿನುಗುವ ಕಪ್ಪು ಪುಡಿ ಉದುರುವುದು ನಿಲ್ಲಲಿಲ್ಲ. ಆ ಜೇಬಿನಲ್ಲೇ ಅವರ ಫೋನಿನ ವಾಸ.

ನಾನು ಈ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದವನು. ಮಕ್ಕಳ ಸಂಖ್ಯೆ ಮೂರಕ್ಕಿಳಿದು ಶಾಲೆ ಮುಚ್ಚಿದ ಮೇಲೆ ಚೌಕದ ಬದಿಯಲ್ಲಿ ಸಣ್ಣ ಅಂಗಡಿಯಿಟ್ಟು, ಪೆನ್ನು ಪುಸ್ತಕಗಳ ಜೊತೆಗೆ ಫೋನಿನ ಕವರು, ಚಾರ್ಜರು, ಸ್ಕ್ರೀನ್ ಗಾರ್ಡು ಮಾರುತ್ತೇನೆ. ಕುರುಂದದ ಊರಲ್ಲಿ ಸ್ಕ್ರೀನ್ ಗಾರ್ಡಿನ ವ್ಯಾಪಾರಕ್ಕೆ ಬರಗಾಲವಿಲ್ಲ. ಆದರೂ ಅದನ್ನು ಹಾಕಿಸುವುದೋ ಬಿಡುವುದೋ ಎಂಬ ವಿಷಯದಲ್ಲಿ ಕಾಫಿ ಅಂಗಡಿ ಎರಡು ಪಕ್ಷವಾಗಿ ಒಡೆದಿತ್ತು. ಬೇಡವೆನ್ನುವ ಪಕ್ಷದ ಮುಖಂಡರು, ಬಹುಶಃ ಏಕಮಾತ್ರ ಸದಸ್ಯರೂ, ಬಾರ್ಬಾ ಫ್ಲೋರಿಯೋಸರೇ.

“ಕನ್ನಡಕಕ್ಕೆ ಇನ್ನೊಂದು ಕನ್ನಡಕ ಹಾಕ್ತೀರೇನ್ರಯ್ಯಾ?” ಎಂದು ಕಾಫಿಯ ಗಸಿಯನ್ನು ಬಟ್ಟಲಲ್ಲಿ ತಿರುಗಿಸುತ್ತ ಗದರುತ್ತಿದ್ದರು. “ಗೀರು ಬೀಳೋದಿದ್ರೆ ಬೀಳುತ್ತೆ. ಕಲ್ಲು ಸುಳ್ಳು ಹೇಳಲ್ಲ.”

ಈ ಕೊನೆಯ ಮಾತು ಅವರ ಎಲ್ಲ ಮಾತುಗಳ ಬಾಲ. ಹವಾಮಾನ, ರಾಜಕೀಯ, ಮೇಕೆಯ ಚೀಸಿನ ಉಪ್ಪು, ಯಾವುದರ ತೀರ್ಪು ಕೊಟ್ಟರೂ ಕಲ್ಲಿನ ಸಾಕ್ಷಿಯೊಂದಿಗೇ ಮುಗಿಸುತ್ತಿದ್ದರು. ಕಲ್ಲಿನ ಮೇಲೆ ಅಂಥ ನಂಬಿಕೆ ಬರಲು ಕಾರಣವಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸುರಂಗದ ಬಾಯಿ ಕುಸಿದು, ದೀಪ ಆರಿ, ಎರಡು ದಿನ ಅವರು ಒಬ್ಬರೇ ಒಳಗಿದ್ದರು. ಕೈ ತಪ್ಪದಂತೆ ಗೋಡೆಯನ್ನು ಹಿಡಿದಿದ್ದರಿಂದಲೇ ತಮಗೆ ಹುಚ್ಚು ಹಿಡಿಯಲಿಲ್ಲ ಎಂದು ನಂಬಿದ್ದರು. ಆಮೇಲೆ ಜೀವಮಾನವಿಡೀ ಮಲಗುವ ಕೋಣೆಯ ದೀಪ ಆರಿಸಲಿಲ್ಲ. ಆ ಎರಡು ದಿನಗಳ ವಿಷಯವಾಗಿ ನನ್ನೊಡನೆ ಒಂದೇ ಒಂದು ಸಲ ಮಾತಾಡಿದ್ದರು. “ಕತ್ತಲೆ ಕಪ್ಪಗಿರುತ್ತೆ ಅಂದ್ಕೊಂಡಿದೀರಿ ಮೇಷ್ಟ್ರೇ. ಅದಕ್ಕೆ ಬಣ್ಣಾನೇ ಇಲ್ಲ,” ಎಂದು ಹೇಳಿ, ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು.

ಹೋದ ವರ್ಷ ಈಸ್ಟರ್ ಹಬ್ಬ ಕಳೆದ ವಾರ, ಹಬ್ಬಕ್ಕೆಂದು ಕೆಂಪು ಬಣ್ಣ ಹಾಕಿದ ಮೊಟ್ಟೆಗಳ ಸಿಪ್ಪೆ ಇನ್ನೂ ಚೌಕದ ಕಲ್ಲುಗಳ ನಡುವೆ ಬಿದ್ದಿರುವಾಗಲೇ, ಈ ಹಟವಾದಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಫೋನನ್ನು ಮೇಜಿನ ಮೇಲಿಟ್ಟರು.

“ಒಂದು ಗಾರ್ಡ್ ಹಾಕಿ ಮೇಷ್ಟ್ರೇ. ನಡುವೆ ಗೀರು ಬಿದ್ದಿದೆ.”

“ಯಾವುದು ಬಾರ್ಬಾ? ಇಲ್ಲಿ ನೂರಿದೆ.”

“ನಡುವಿಂದು. ಬೂದು ಬಣ್ಣದ್ದು. ಅಕ್ಷರ ತಿನ್ನುತ್ತೆ.”

ಕೊನೆಗೂ ನಮ್ಮ ಪಕ್ಷ ಗೆದ್ದಿತೆಂಬ ಹುರುಪಿನಲ್ಲಿ ನಾನು ಬೇರೇನನ್ನೂ ಯೋಚಿಸಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ, ಧೂಳೆತ್ತಿ, ಗಾಜನ್ನು ಮೆಲ್ಲನೆ ಇಳಿಬಿಟ್ಟು ನಡುವೆ ಒತ್ತಿದೆ. ಗುಳ್ಳೆಗಳು ಅಂಚಿಗೆ ಓಡಿಹೋದವು. ಗಾರ್ಡೆಂದರೆ ಗೀರನ್ನು ತಡೆಯುವುದಲ್ಲ ಬಾರ್ಬಾ, ತಾನು ತಿಂದು ಕೆಳಗಿನ ಗಾಜನ್ನು ಉಳಿಸುವುದು ಎಂದು ಮೇಷ್ಟರ ಧಾಟಿಯಲ್ಲಿ ಪಾಠವನ್ನೂ ಹೇಳಿದೆ. ಅವರು ಬಹಳ ಗಮನವಿಟ್ಟು ಕೇಳಿದರು. “ಕೆಳಗಿನದಕ್ಕೆ ಇಳಿದಿಲ್ಲ ತಾನೇ?” ಎಂದು ಎರಡು ಸಲ ಕೇಳಿದರು.

ಮೂರು ವಾರಕ್ಕೆ ಮತ್ತೆ ಬಂದರು: ನಡುವೆ ಗೀರು. ಜೂನಿನಲ್ಲಿ ಬಂದರು, ಜುಲೈಯಲ್ಲಿ ಬಂದರು. ಆಗಸ್ಟ್ ಮುಗಿಯುವಷ್ಟರಲ್ಲಿ ನಾಲ್ಕು ಗಾರ್ಡು ಆಗಿದ್ದವು. ಪ್ರತಿ ಸಲವೂ ಅದೇ ಪ್ರಶ್ನೆ, ಕೆಳಗಿನದಕ್ಕೆ ಇಳಿದಿಲ್ಲ ತಾನೇ. ಪ್ರತಿ ಸಲವೂ ಗಾರ್ಡಿನ ಮೇಲೆ ನಿಜವಾಗಿ ಗೀರುಗಳಿರುತ್ತಿದ್ದವು, ಆ ಜೇಬಿನಲ್ಲಿ ಇರದೆ ಇನ್ನೇನು? ಕುರುಂದವನ್ನು ಬಲ್ಲ ಯಾವ ಊರಿಗಾದರೂ ಅಷ್ಟು ಕಾರಣ ಸಾಕು. “ಆ ಫೋನಿಗೆ ಮಾಡೋ ಆರೈಕೇಲಿ ಅರ್ಧ ನನಗೆ ಮಾಡಿದ್ರೆ ನಾನು ಮದುವಣಗಿತ್ತಿ ಥರ ಇರ್ತಿದ್ದೆ,” ಎಂದು ಕಲಿರೋಯಿ ಬೀದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಅವಳ ಬಾಯಿಗೆ ಬೀಗ ಹಾಕುವವರು ಈ ಬೆಟ್ಟದಲ್ಲಿ ಹುಟ್ಟಿಲ್ಲ. ಬಾರ್ಬಾ ಮಾತ್ರ ಆ ಬೇಸಿಗೆಯಲ್ಲಿ ‘ಕಲ್ಲು ಸುಳ್ಳು ಹೇಳಲ್ಲ’ ಎನ್ನುವುದನ್ನು ಕಡಿಮೆ ಮಾಡಿದ್ದರು.

ಸೆಪ್ಟೆಂಬರಿನಲ್ಲಿ, ಅವರ ಒತ್ತಾಯಕ್ಕೆ, ಬಂದರಿನ ಪಟ್ಟಣದಿಂದ ಹೊಸ ಪರದೆಯನ್ನೇ ತರಿಸಿ ಹಾಕಿಸಿಕೊಟ್ಟೆ, ಮೇಲೊಂದು ಹೊಸ ಗಾರ್ಡು. ನಾಲ್ಕನೆಯ ದಿನ ಫೋನನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಜೇಬಿಗೆ ಹಾಕಿರಲೇ ಇಲ್ಲವಂತೆ.

“ಅಲ್ಲೇ ಇದೆ,” ಎಂದರು.

ದೀಪದ ಕೆಳಗೆ ಹಿಡಿದು ನೋಡಿದೆ. ಗಾಜು ಹಾಲಿನ ಕೆನೆಯಂತೆ ನುಣುಪಾಗಿತ್ತು. ಒಂದೇ ಒಂದು ಗೀರಿರಲಿಲ್ಲ. ಮುಖವೆತ್ತಿ ನೋಡಿದ್ದರೆ ನನಗೆ ತಿಳಿಯುತ್ತಿತ್ತೇನೋ. ಅವರ ಕೈ ಮೇಜಿನ ಅಂಚನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದನ್ನಂತೂ ಕಂಡೆ. ಮುದುಕರ ಹಟಕ್ಕೆ ಮದ್ದಿಲ್ಲ ಎಂದುಕೊಂಡು, ಏನೂ ಆಗದ ಗಾರ್ಡನ್ನು ಕಿತ್ತು ಆರನೆಯದನ್ನು ಅಂಟಿಸಿದೆ. “ಈಗ ಸರಿಹೋಯ್ತು,” ಎಂದೂ ಹೇಳಿದೆ. ಹಾಗೆ ಹೇಳಿದ್ದಕ್ಕೆ ನನ್ನನ್ನು ನಾನೇ ಕ್ಷಮಿಸಿಲ್ಲ.

ಅಕ್ಟೋಬರಿನ ಒಂದು ಬೆಳಗ್ಗೆ ಅಂಗಡಿಯ ಸಾಮಾನು ತರಲು ಅವರ ಹಳೆಯ ಪಿಕಪ್ಪಿನಲ್ಲಿ ಬಂದರಿಗೆ ಹೊರಟೆ. ಚಾಲಕರ ಜಾಗದಲ್ಲಿ ಬಾರ್ಬಾ, ನಡುವೆ ಕಲಿರೋಯಿ, ಕಿಟಕಿಯ ಕಡೆ ನಾನು. ನಮ್ಮ ರಸ್ತೆ ಹಾವಿನಂತೆ ಇಳಿಯುತ್ತದೆ; ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ. ಎರಡನೆಯ ತಿರುವಿನಲ್ಲಿ ಅವರು ತೋಳಿನಿಂದ ಎದುರಿನ ಗಾಜನ್ನು ಒರೆಸಿದರು. ಮತ್ತೆ ಒರೆಸಿದರು.

“ಇಲ್ಲೂ ಬಿತ್ತು ನೋಡಿ ಮೇಷ್ಟ್ರೇ. ನಡುವೆ.”

ಗಾಜು ಸ್ವಚ್ಛವಾಗಿತ್ತು. ಅದರಾಚೆ ರಸ್ತೆ, ಸೂರ್ಯ, ದೂರದ ಸಮುದ್ರ ಎಲ್ಲವೂ ನಿಚ್ಚಳ. ಆರು ಗಾರ್ಡು, ಹೊಸ ಪರದೆ, ಗೋಡೆ ಸವರುವ ಕೈ, ಗೋಡೆ ಮುಗಿದಲ್ಲಿ ನಿಲ್ಲುವ ಕಾಲು, ಎಲ್ಲವೂ ಒಟ್ಟಿಗೆ ಅರ್ಥವಾದದ್ದು ಆಗ. ನಿಲ್ಲಿಸಿ ಎನ್ನುವಷ್ಟರಲ್ಲಿ ಮುಂದಿನ ತಿರುವಿನಿಂದ ಬಸ್ಸು ಬಂದಿತು. ನಾನು ಕಂಡೆ, ಕಲಿರೋಯಿ ಕಂಡಳು; ಅದನ್ನೇ ನೇರವಾಗಿ ನೋಡುತ್ತ ರಸ್ತೆಯ ನಡುವೆ ಹೋಗುತ್ತಿದ್ದ ಬಾರ್ಬಾ ಅವರಿಗೆ ಅದು ಕಾಣಲಿಲ್ಲ.

ಕಲಿರೋಯಿ ಚೀರಿ ಸ್ಟಿಯರಿಂಗ್ ಚಕ್ರವನ್ನು ಬಲಕ್ಕೆ ಎಳೆದಳು. ಬಂಡೆಗೆ ಉಜ್ಜಿಕೊಂಡು ಗಾಡಿ ನಿಂತಿತು. ನನ್ನ ಕಡೆಯ ಬಾಗಿಲು ನುಗ್ಗಾಗಿತ್ತು, ಜೀವಕ್ಕೇನೂ ಆಗಿರಲಿಲ್ಲ.

“ಕಣ್ಣು ಕಾಣ್ಸಲ್ವೇನೋ ಮುದಿಯಾ!” ಎಂದು ಬಸ್ಸಿನ ಚಾಲಕ ಕಿಟಕಿಯಿಂದ ಕೂಗಿ ಹೋದ.

ಯಾರಾದರೂ ಯಾರಿಗಾದರೂ ರಸ್ತೆಯಲ್ಲಿ ಕೂಗುವ ಮಾತು. ಈ ಸಲ ಅದು ಬರಿಯ ಬೈಗುಳವಾಗಿರಲಿಲ್ಲ. ಬಾರ್ಬಾ ಚಕ್ರದ ಮೇಲೆ ಎರಡು ಕೈಯಿಟ್ಟು ಕೂತಿದ್ದರು.

“ಗಾಜಿನ ಮೇಲಿದ್ರೆ ಬದಲಾಯಿಸ್ಬೋದಲ್ಲಾ ಮೇಷ್ಟ್ರೇ,” ಎಂದರು ಕೊನೆಗೆ. “ಅದಕ್ಕೇ ಗಾಜಿನ ಮೇಲಿದೆ ಅಂದೆ.”

ಬಾಯಿಗೆ ಬೀಗವಿಲ್ಲದ ಕಲಿರೋಯಿ ಗಾಡಿಯ ಬೀಗದ ಕೈ ಕಿತ್ತುಕೊಂಡು ತನ್ನ ಏಪ್ರನ್ನಿನ ಜೇಬಿಗೆ ಹಾಕಿ, ಗಂಡನ ಕೈ ಹಿಡಿದು ಕೂತಳು.

ಅಥೆನ್ಸಿನ ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿದಳು. ಕಣ್ಣಿನ ಒಳಪರದೆ ಕೆಟ್ಟಿದೆ, ಬಲಗಣ್ಣು ಹೋದ ಹಾಗೆಯೇ, ಎಡಗಣ್ಣನ್ನು ತಿಂಗಳಿಗೊಂದು ಸೂಜಿ ಚುಚ್ಚಿ ಇದ್ದಷ್ಟರಲ್ಲಿ ಹಿಡಿದು ನಿಲ್ಲಿಸಬಹುದಂತೆ. “ಆರು ತಿಂಗಳ ಹಿಂದೆ ಬಂದಿದ್ರೆ ಎರಡೂ ಉಳೀತಿತ್ತಂತೆ ಮೇಷ್ಟ್ರೇ,” ಎಂದು ಅತ್ತಳು. ಆರು ತಿಂಗಳ ಹಿಂದೆ ಅವರು ಬಂದಿದ್ದರು. ನನ್ನ ಅಂಗಡಿಗೆ.

ಈಗ ಅವರು ಗೋಡೆ ಸವರುತ್ತ ಬಂದರೆ ಯಾರೂ ನಗುವುದಿಲ್ಲ. ಕಿಟಕಿಯ ಬಳಿ ಕೂತು, ಫೋನನ್ನು ಎಡಗಣ್ಣಿನ ಓರೆಗೆ ಹಿಡಿದು ಅಕ್ಷರ ಹುಡುಕುತ್ತಾರೆ. ಸಂಜೆಯಾಗುತ್ತಿದ್ದಂತೆ ಅವರ ಬೆರಳುಗಳು ಮೇಜಿನ ಅಂಚನ್ನು ಅರಸುವುದನ್ನು ನೋಡುವಾಗ ನನಗೂ ಭಯವಾಗುತ್ತದೆ.

ಬಂಡೆಯೊಳಗೆ ಬದುಕಿದ ಜನ ಇವರು. ಕುಸಿಯುವ ಮೊದಲು ಬಂಡೆಯೇ ಸಣ್ಣಗೆ ನರಳುತ್ತದಂತೆ. ಆದರೆ ಹೆದರಿಕೆಯಾಗುತ್ತಿದೆ ಎಂದು ಬಾಯಿಬಿಟ್ಟವನನ್ನು ಜೊತೆಗಾರರು ಸಾಯುವ ತನಕ ಆಡಿಕೊಳ್ಳುತ್ತಾರೆ. ಹಾಗಾಗಿ ಇಂಥವರು ಭಯವನ್ನು ಭಯವೆಂದು ಹೇಳಲು ಕಲಿಯುವುದೇ ಇಲ್ಲ. ತೊಲೆ ಸರಿಯಿಲ್ಲ, ದೀಪ ಸರಿಯಿಲ್ಲ, ಗಾಜು ಸರಿಯಿಲ್ಲ ಎಂದು ಕೈಗೆ ಸಿಕ್ಕಿದ ವಸ್ತುವಿನ ಮೇಲೆ ಅದನ್ನು ಹೊರಿಸಿ, ನಮ್ಮ ಬಾಗಿಲಿಗೆ ತಂದು, ನಾವೇ ಕಂಡುಹಿಡಿಯಲಿ ಎಂದು ಕಾಯುತ್ತಾರೆ. ಬಾರ್ಬಾ ಫ್ಲೋರಿಯೋಸರು ಆರು ಸಲ ತಂದರು. ಆರು ಸಲವೂ ನಾನು ಗಾಜು ಒರೆಸಿ ಕಳಿಸಿದೆ.