ಹದಿಮೂರರ ಮಗ್ಗಿ

"ಹದಿಮೂರೆಂಟ್ಲೆ?" ಎಂದು ಗೋದಾಮಿನ ಮೇಲ್ವಿಚಾರಕರು ಕೇಳಿದರು. ಕೇಳಿದವರೇ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ತುಟಿ ಅಲ್ಲಾಡಿಸೋ ಹಾಗಿಲ್ಲ. ಸೀದಾ ಉತ್ತರ ಬರಬೇಕು" ಎಂದರು.

ಅತ್ತಿಗೆಯ ಬಾಯಿ ಅಷ್ಟರಲ್ಲಾಗಲೇ ಹದಿಮೂರೊಂದ್ಲೆ ಹದಿಮೂರು ಎನ್ನಲು ಹೊರಟಿತ್ತು. ಅಲ್ಲೇ ನಿಂತುಬಿಟ್ಟಿತು. ಗೋದಾಮಿನಲ್ಲಿ ಎಲ್ಲರಿಗೂ ಆಕೆ ಅತ್ತಿಗೆಯೇ. ಗಂಡನ ತಂಗಿ ಅಲ್ಲೇ ಲೇಬಲ್ ಅಂಟಿಸುವ ಕೆಲಸದಲ್ಲಿದ್ದು ಹಾಗೆ ಕರೆಯುತ್ತಿದ್ದಳು, ಉಳಿದವರೂ ಅದನ್ನೇ ಹಿಡಿದುಕೊಂಡಿದ್ದರು.

ಹನ್ನೊಂದು ವರ್ಷದಿಂದ ಅತ್ತಿಗೆ ಸೋಪಿನ ಪೆಟ್ಟಿಗೆ ಹೊತ್ತು ಲಾರಿಗೆ ತುಂಬುತ್ತಿದ್ದಳು. ಸೊಂಟ ಮುಷ್ಕರ ಹೂಡಿ ಆರು ತಿಂಗಳಾಗಿತ್ತು. ಇನ್ನು ಭಾರ ಎತ್ತಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆಗಲೇ ಗೇಟಿನಲ್ಲಿ ಲೆಕ್ಕ ಹಿಡಿಯುವ ಮುದುಕ ನಿವೃತ್ತನಾದ. ಆ ಕೆಲಸಕ್ಕೆ ಒಂದು ಕುರ್ಚಿ ಉಂಟು, ನೆರಳುಂಟು. ಲಾರಿಯಲ್ಲಿ ಇಷ್ಟು ಸಾಲು, ಇಷ್ಟು ಎತ್ತರ ಎಂದು ತುಂಬುವವರು ಕೂಗಿದರೆ ಗುಣಿಸಿ ಬರೆದುಕೊಂಡರಾಯಿತು. ಫೋನು ಒಳಗೆ ತರುವಂತಿಲ್ಲವಾದ್ದರಿಂದ ಮಗ್ಗಿ ಬಾಯಲ್ಲೇ ಇರಬೇಕು. ಅತ್ತಿಗೆಯೋ ಮೂರನೇ ಕ್ಲಾಸಿಗೆ ಶಾಲೆಗೆ ಕೈಮುಗಿದವಳು.

ಕಲಿಸಿದವಳು ನಾದಿನಿಯೇ. ರಟ್ಟಿನ ಹಿಂಬದಿಯಲ್ಲಿ ಹನ್ನೆರಡರಿಂದ ಹತ್ತೊಂಬತ್ತರವರೆಗೆ ದಪ್ಪಕ್ಷರದಲ್ಲಿ ಮಗ್ಗಿ ಬರೆದು ಬಚ್ಚಲ ಗೋಡೆಗೆ ತೂಗುಹಾಕಿದಳು. ಅತ್ತಿಗೆ ಬಟ್ಟೆ ಒಗೆಯುತ್ತಾ ಒಪ್ಪಿಸುವುದು, ನಾದಿನಿ ಹಿಂಡುತ್ತಾ ತಿದ್ದುವುದು. ಹದಿನೇಳರ ಮಗ್ಗಿ ಮುಗಿಯುವಷ್ಟರಲ್ಲಿ ಒಂದು ಬೆಡ್‌ಶೀಟು ಬೆಳ್ಳಗಾಗುತ್ತಿತ್ತು. ನಲವತ್ತರ ಹೆಂಗಸು ಕೂಸಿನ ಹಾಗೆ ರಾಗ ಎಳೆಯುವುದನ್ನು ಕೇಳಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಒಂದೇ ತೊಡಕು. ಮಧ್ಯದಿಂದ ಕೇಳಿದರೆ ಅತ್ತಿಗೆಗೆ ಬಾರದು. ಮೊದಲಿಂದ ತುಟಿಯಲ್ಲೇ ಹೇಳಿಕೊಂಡು ಬಂದರೆ ಮಾತ್ರ ಉತ್ತರ ಸಿಗುತ್ತಿತ್ತು. ಅದೂ ಎಷ್ಟು ಹೊತ್ತು, ನಾಲ್ಕು ಉಸಿರು. ಯಾರಿಗೆ ಗೊತ್ತಾಗುತ್ತೆ ಅತ್ತಿಗೆ, ಎಂದಿದ್ದಳು ನಾದಿನಿ. ನೀನೇ ಯಾಕೆ ಅರ್ಜಿ ಹಾಕಬಾರದು ಎಂದು ಅತ್ತಿಗೆ ಕೇಳಿದ್ದಕ್ಕೆ, ಆ ಲಾರಿ ಹೊಗೆ ಯಾರಿಗೆ ಬೇಕು ಎಂದು ಮೂಗು ಮುರಿದಿದ್ದಳು.

ಮೇಲ್ವಿಚಾರಕರು ಮತ್ತೆ ಮೂರು ಕೇಳಿದರು. ಮೂರೂ ಮಗ್ಗಿಯ ನಟ್ಟನಡುವಿನಿಂದ. ಅತ್ತಿಗೆ ತುಟಿ ಬಿಗಿಹಿಡಿದು ಒಳಗೊಳಗೇ ಹೇಳಿಕೊಳ್ಳಲು ನೋಡಿದಳು. ಐದರ ಹತ್ತಿರ ಎಲ್ಲ ಕಲಸಿಹೋಯಿತು. ಸಾಕು ಹೋಗಿ ಎಂದರು.

ಹೊರಗೆ ಬೆಂಚಿನ ಮೇಲೆ, ಅವಳಿಗಿಂತ ಮುಂಚೆ ಪರೀಕ್ಷೆ ಕೊಟ್ಟಿದ್ದ, ಪೆಟ್ಟಿಗೆ ತೂಗುವ ಕೆಲಸದವನು ಕೂತಿದ್ದ. ನಿಮಗೂ ತುಟಿ ಅಲ್ಲಾಡಿಸಬೇಡಿ ಅಂದರಾ ಎಂದು ಅತ್ತಿಗೆ ಕೇಳಿದಳು.

"ಇಲ್ಲವಲ್ಲ. ನಾನು ಬೆರಳು ಎಣಿಸಿದ್ರೂ ಸುಮ್ನಿದ್ರು" ಎಂದ ಅವನು.

ಅತ್ತಿಗೆಯ ತುಟಿಯ ವಿಷಯ ತಿಳಿದಿದ್ದ ಜೀವ ಈ ಲೋಕದಲ್ಲಿ ಒಂದೇ ಒಂದು. ಮಧ್ಯಾಹ್ನ ಬಾಗಿಲಿಗೆ ಅಂಟಿಸಿದ ಆಯ್ಕೆಯ ಚೀಟಿಯಲ್ಲಿ ಆ ಜೀವದ ಹೆಸರೇ ಇತ್ತು. ಅರ್ಜಿ ಹಾಕಿ ಹದಿನೈದು ದಿನವಾಗಿತ್ತಂತೆ. ಹದಿನೈದು ದಿನವೂ ಬಚ್ಚಲಲ್ಲಿ ಜೊತೆಗೆ ನಕ್ಕಿದ್ದಳಲ್ಲ ಎಂಬುದೇ ಅತ್ತಿಗೆಗೆ ಸೊಂಟಕ್ಕಿಂತ ಹೆಚ್ಚು ನೋಯಿತು.

ಸಂಜೆ ಮನೆಯಲ್ಲಿ ಗಂಡ ಇಬ್ಬರ ಮುಖವನ್ನೂ ನೋಡಿ, ಯಾರಿಗೆ ಸಿಕ್ಕಿದರೇನು, ಮನೆಗೇ ತಾನೆ ಬಂತು ಎಂದು ದೊಡ್ಡ ನ್ಯಾಯಾಧೀಶನ ಹಾಗೆ ತೀರ್ಪು ಕೊಟ್ಟು ಹೊರಗೆ ಹೋದ. ನಾದಿನಿ ತಟ್ಟೆ ಒರೆಸುತ್ತಲೇ ಇದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಮೇಲ್ವಿಚಾರಕರೇ ಕೇಳಿದ್ರು, ನಿಮ್ಮತ್ತಿಗೆ ಹೇಗೆ ಕಲ್ತಿದ್ದಾರೆ ಅಂತ" ಎಂದಳು ಕೊನೆಗೆ. "ಇದ್ದದ್ದು ಹೇಳ್ದೆ. ಸುಳ್ಳೇನೂ ಹೇಳಿಲ್ಲ."

"ಸುಳ್ಳು ಹೇಳಿದ್ರೆ ಹೋಗ್ಲಿ ಅಂತ ಬಿಡ್ತಿದ್ದೆ ಕಣೇ."

"ನನಗೂ ಕಾಲು ಸೋತಿದೆ ಅತ್ತಿಗೆ. ದಿನವಿಡೀ ನಿಂತೇ ಇರ್ತೀನಿ."

"ನಂಗೆ ಹೇಳ್ಬಹುದಿತ್ತು. ಮೊದ್ಲು ನಂಗೆ ಹೇಳ್ಬಹುದಿತ್ತು."

ಅತ್ತಿಗೆ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಸೋಮವಾರ ಮೊದಲ ಲಾರಿ ಬಂತು. ನಾದಿನಿ ಕುರ್ಚಿಯಲ್ಲಿ ಕೂತು, ಹೊಸ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದಳು. ಪೆಟ್ಟಿಗೆಗಳು ಒಂದೊಂದಾಗಿ ಒಳಗೆ ಹೋದವು. ಲಾರಿಯ ಮೊದಲ ಭಾಗ ತುಂಬಿತು. ಸಾಲು ಮತ್ತು ಎತ್ತರ ಕೂಗಬೇಕಾದವಳು ಅತ್ತಿಗೆ. ಕೂಗಲಿಲ್ಲ.

"ಎಷ್ಟು ಸಾಲು ಅತ್ತಿಗೆ?" ಎಂದು ನಾದಿನಿ ಮೆಲ್ಲಗೆ ಕೇಳಿದಳು. ಡ್ರೈವರು ತಿರುಗಿ ನೋಡಿದ.

"ಎದ್ದು ಬಂದು ಎಣಿಸ್ಕೊಳಮ್ಮ" ಎಂದಳು ಅತ್ತಿಗೆ. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಮುಂದಿನ ಪೆಟ್ಟಿಗೆಗೆ ಬಗ್ಗಿದಳು.