ಬೊಟ್ಟಿಟ್ಟ ಸೀಸೆಗಳು

ಚಿಮುಟದ ತುದಿ ತಾಗುತ್ತಲೇ ತುಂಡು ಒಡೆಯಿತು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಲೋಳೆಯಂಥ ನೀರು. ಚನ್ನಕೇಶವ ಅದನ್ನು ಗಾಜಿನ ತಟ್ಟೆಗೆ ಬಿಟ್ಟು ಇನ್ನೊಂದನ್ನು ಎತ್ತಿದ. ಅದೂ ಅಷ್ಟೇ. ಮೂರನೆಯದನ್ನು ಮುಟ್ಟುವ ಮನಸ್ಸಾಗಲಿಲ್ಲ.

ಪಾಲಿಮರಿಗೆ ಮೂಳೆಯ ಖನಿಜದ ಪುಡಿ ಬೆರೆಸಿ ಅವನೇ ಎರಕ ಹೊಯ್ದ ತುಂಡುಗಳು. ಮುರಿದ ಮೂಳೆಯ ಸಂದಿನಲ್ಲಿ ಕೂತು, ಹೊಸ ಮೂಳೆ ಬೆಳೆಯುವ ತನಕ ಆಸರೆಯಾಗಿದ್ದು, ಆಮೇಲೆ ಸದ್ದಿಲ್ಲದೆ ಕರಗಿಹೋಗಬೇಕು. ಹನ್ನೆರಡು ವಾರವಾದರೂ ತಡೆಯಬೇಕು. ಮೈಯಷ್ಟೇ ಬೆಚ್ಚಗಿನ ಉಪ್ಪುನೀರಿನ ಸೀಸೆಗಳಲ್ಲಿ ಎರಡು ಸಾಲಾಗಿ ಇಟ್ಟಿದ್ದ; ಹಿಂದಿನ ಸಾಲಿನವು ಆರೇ ವಾರಕ್ಕೆ ಕೈಕೊಟ್ಟಿದ್ದವು. ಸಂಜೆ ನಾಲ್ಕಕ್ಕೆ ಮುಖ್ಯಸ್ಥ ಶಂಭುಲಿಂಗಪ್ಪನವರ ಮುಂದೆ ವರದಿ ಇಡಬೇಕು. ಈ ಕೆಲಸ ಮುಂದುವರಿಯುವುದೋ ನಿಲ್ಲುವುದೋ ಇವತ್ತೇ ತೀರ್ಮಾನ.

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಈ ಮಹಡಿಯ ಲ್ಯಾಬಿಗೆ ಅವನು ಬಂದದ್ದು ಎಂಬತ್ತೆರಡರಲ್ಲಿ. ಆರು ವರ್ಷದಲ್ಲಿ ಯಾರ ಜೊತೆಗೂ ಜಗಳವಿಲ್ಲ, ಯಾರ ಜೊತೆಗೂ ಮಾತಿಲ್ಲ. ಮಾತಾಡದವನನ್ನು ಜನ ಬುದ್ಧಿವಂತನೆಂದು ತಿಳಿಯುತ್ತಾರೆ. ಅವನಿಗೆ ಅದು ಅನುಕೂಲವೇ ಆಗಿತ್ತು. ಬಸವೇಶ್ವರನಗರದ ಮನೆಯಲ್ಲಿ ಹೆಂಡತಿ ಜಯದೇವಿ ಕೂಡ ಈಗೀಗ ಊಟಕ್ಕೆ ಬನ್ನಿ ಅನ್ನುವುದರ ಆಚೆಗೆ ಏನೂ ಕೇಳುತ್ತಿರಲಿಲ್ಲ.

ತಟ್ಟೆಯ ಮೇಲಿನ ಸಿಪ್ಪೆಯನ್ನೂ ಅದರೊಳಗಿನ ಖಾಲಿಯನ್ನೂ ನೋಡುತ್ತ ಅವನಿಗೆ ಮುಜುಗರವಾಯಿತು, ಬಟ್ಟೆ ಬದಲಿಸುವಾಗ ಯಾರೋ ಬಾಗಿಲು ತೆರೆದ ಹಾಗೆ.

ಮುಂದಿನ ಸಾಲಿನ ನಾಲ್ಕು ಸೀಸೆಗಳನ್ನು ಶಾಸ್ತ್ರಕ್ಕೆಂದು ತೆರೆದ. ಚಿಮುಟ ಒತ್ತಿದ. ಒಡೆಯಲಿಲ್ಲ. ಬ್ಲೇಡಿನಿಂದ ಕೊಯ್ದ. ಒಳಗೂ ಗಟ್ಟಿ. ಅದೇ ಎರಕ, ಅದೇ ದಿನ ಇಟ್ಟದ್ದು. ನೀಲಿ ಲಿಟ್ಮಸ್ ಕಾಗದ ಅದ್ದಿ ನೋಡಿದ. ಹಿಂದಿನ ಸಾಲಿನ ನೀರಿನಲ್ಲಿ ಕಾಗದ ಕೆಂಪಾಯಿತು, ಇಲ್ಲಿ ನೀಲಿಯಾಗಿಯೇ ಉಳಿಯಿತು. ಹುಳಿಯೇ ಇಲ್ಲ.

ನಾಲ್ಕೂ ಸೀಸೆಗಳ ಮೇಲೆ ಮಾಸಿದ ಕುಂಕುಮದ ಬೊಟ್ಟು ಇತ್ತು. ಪ್ರಯೋಗ ಶುರುವಾದದ್ದು ಆಯುಧಪೂಜೆಯ ದಿನ.

“ಬೈರಯ್ಯ.”

ಲ್ಯಾಬಿನ ಸಹಾಯಕ ಬೈರಯ್ಯ, ಐವತ್ತು ದಾಟಿದವನು, ಒರೆಸುವ ಬಟ್ಟೆ ಹಿಡಿದೇ ಬಂದ.

“ಈ ಸಾಲು ಯಾರು ಮುಟ್ಟಿದ್ದು?”

“ಯಾಕ್ ಸಾರ್?”

“ಕೇಳಿದ್ದಕ್ಕೆ ಹೇಳಿ.”

“ನಾನೇ ಸಾರ್. ಪೂಜೆ ಆಗಿರೋ ಸೀಸೆ ಅಲ್ವಾ? ಹಳೇ ನೀರು ಇಡಬಾರ್ದು ಅಂತ ದಿನಾ ಬೆಳಗ್ಗೆ ಬದಲಾಯಿಸ್ತಿದ್ದೆ. ಮನೇಲಿ ದೇವರ ಮುಂದೆ ಇಡೋ ಚೊಂಬಿಗೆ ಮಾಡ್ತೀವಲ್ಲ, ಹಂಗೆ.”

“ನಲ್ಲಿ ನೀರಾ?”

“ಅಯ್ಯೋ, ಇಲ್ಲ ಸಾರ್. ನೀವು ಮಾಡಿಟ್ಟಿರ್ತೀರಲ್ಲ, ಆ ಕ್ಯಾನಿಂದೇ.”

“ಹಿಂದಿನ ಸಾಲಿಗೆ?”

“ಅದಕ್ಕೆ ಬೊಟ್ಟು ಇಟ್ಟಿರಲಿಲ್ಲ. ಕುಂಕುಮ ಖಾಲಿಯಾಗೋಗಿತ್ತು.”

ಚನ್ನಕೇಶವನಿಗೆ ಸಿಟ್ಟು ನೆತ್ತಿಗೇರಿತು. ಮರುಕ್ಷಣ ನಗು ಬಂತು. ಆಮೇಲೆ ನಗುವೂ ನಿಂತಿತು.

ತುಂಡು ಕರಗುತ್ತ ಹುಳಿ ಬಿಡುತ್ತದೆ. ನಿಂತ ನೀರಿನಲ್ಲಿ ಆ ಹುಳಿ ಹೋಗಲು ದಾರಿಯಿಲ್ಲದೆ ತುಂಡನ್ನೇ ಒಳಗಿನಿಂದ ತಿನ್ನುತ್ತದೆ. ಹೊಸ ನೀರು ಬರುತ್ತಿದ್ದರೆ ಹುಳಿ ಅದರೊಂದಿಗೆ ಹೊರಟುಹೋಗುತ್ತದೆ. ದೇಹದಲ್ಲಿ ರಕ್ತ ಮಾಡುವುದೂ ಇದನ್ನೇ. ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕೆಂದು ಬರೆದಿಟ್ಟವನು ಅವನೇ. ಅವನು ಪರೀಕ್ಷಿಸಿದ್ದು ಹೆಣದಲ್ಲಿ. ಬೈರಯ್ಯ ಪರೀಕ್ಷಿಸಿದ್ದು ಬದುಕಿರುವ ಮೈಯಲ್ಲಿ.

“ಏನಾದ್ರೂ ಕೆಟ್ಟೋಯ್ತಾ ಸಾರ್? ಕೆಲ್ಸಕ್ಕೆ ತೊಂದ್ರೆ ಆಗಲ್ಲ ತಾನೆ?”

“ನೋಡೋಣ.”

ಮೂರು ಗಂಟೆಗೆ ವರದಿ ಬರೆಯಲು ಕೂತ. ‘ಮುಂದಿನ ಸಾಲಿನ ನೀರನ್ನು ನಾನು ಪ್ರತಿದಿನ ಬದಲಿಸಿದೆ.’ ವಾಕ್ಯ ಚೆನ್ನಾಗಿತ್ತು. ಅಪ್ಪಣೆಯಿಲ್ಲದೆ ಸೀಸೆ ಮುಟ್ಟಿದ ಬೈರಯ್ಯನ ಕೆಲಸ ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ದಯೆಯೂ ಕಳ್ಳತನವೂ ಒಂದೇ ವಾಕ್ಯದಲ್ಲಿ ಇಷ್ಟು ಸಲೀಸಾಗಿ ಹೊಂದಿಕೊಂಡದ್ದು ಕಂಡು ಅವನಿಗೆ ಹೇಸಿಗೆಯಾಯಿತು. ಆದರೂ ಅದನ್ನು ಹೊಡೆದುಹಾಕಲಿಲ್ಲ.

ಶಂಭುಲಿಂಗಪ್ಪ ವರದಿಯನ್ನು ಎರಡು ಸಲ ಓದಿದರು. ಕೊಯ್ದ ತುಂಡುಗಳನ್ನು ಬೆಳಕಿಗೆ ಹಿಡಿದರು.

“ದಿನಾ ನೀರು ಬದಲಾಯಿಸ್ಬೇಕು ಅಂತ ನಿಮಗೆ ಹೇಗ್ರೀ ಹೊಳೀತು?”

ಕೆಳಗಿನ ಶೆಡ್ಡಿನಲ್ಲಿ ಲೇತ್ ಯಂತ್ರ ಕಿರುಗುಟ್ಟಿತು. ಅದು ನಿಲ್ಲುವವರೆಗೆ ಚನ್ನಕೇಶವ ಕಾದ.

“ನನಗೆ ಹೊಳೀಲಿಲ್ಲ ಸಾರ್.”

“ಮತ್ತೆ?”

“ಬೈರಯ್ಯ ಮಾಡಿದ್ದು. ನಾನು ಬರೆದಿರೋದು ಸುಳ್ಳು.”

ಹೇಳಿದ ಮೇಲೆ ಎದೆ ಹಗುರಾಗಿತ್ತು. ಹೆದರಿಕೆಯ ನಡುವೆಯೇ ಅವನಿಗೆ ಖುಷಿಯಾಯಿತು, ಎಷ್ಟೋ ವರ್ಷಗಳ ಮೇಲೆ.

ಶಂಭುಲಿಂಗಪ್ಪ ಕನ್ನಡಕ ತೆಗೆದಿಟ್ಟರು. “ಯಾರ ಪರ್ಮಿಷನ್ ತಗೊಂಡಿದ್ದ?”

“ಯಾರದ್ದೂ ಇಲ್ಲ.”

“ಕರೀರಿ ಅವನ್ನ.”

ಬೈರಯ್ಯ ಬಂದು ಬಾಗಿಲ ಬಳಿಯೇ ನಿಂತ. ಹೇಗೆ ಬದಲಾಯಿಸುತ್ತಿದ್ದೆ ಎಂದು ಶಂಭುಲಿಂಗಪ್ಪ ಕೇಳಿದ್ದಕ್ಕೆ ಗಾಳಿಯಲ್ಲೇ ಸೀಸೆ ಬಗ್ಗಿಸಿ ತೋರಿಸಿದ.

“ಪೂರ್ತಿ ಚೆಲ್ತಿರಲಿಲ್ಲ ಸಾರ್. ಅರ್ಧ ತೆಗೆದು ಅರ್ಧ ಹಾಕ್ತಿದ್ದೆ. ಒಂದೇ ಸಲ ತೆಗೆದ್ರೆ ಬಿಸಿ ಆರೋಗುತ್ತೆ.”

ಈ ಅರ್ಧದ ಲೆಕ್ಕ ಚನ್ನಕೇಶವನಿಗೂ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ಅವನು ಕುರ್ಚಿಯಿಂದ ಎದ್ದು ನಿಂತ.

“ಕೂತ್ಕೊಳಿ ಬೈರಯ್ಯ. ಮೊದಲಿಂದ ಹೇಳಿ.”

ಬೈರಯ್ಯ ಮುಖ್ಯಸ್ಥರ ಮುಖ ನೋಡಿದ. “ಬ್ಯಾಡಿ ಸಾರ್. ನೀವು ಕೂತ್ಕೊಳಿ.”

ಶಂಭುಲಿಂಗಪ್ಪ ಪೆನ್ನಿನ ಮುಚ್ಚಳ ತೆಗೆದು ಹಾಗೇ ಹಿಡಿದಿದ್ದರು.

ಇಬ್ಬರೂ ನಿಂತೇ ಇದ್ದರು. ನಡುವೆ ಕುರ್ಚಿ ಖಾಲಿಯಿತ್ತು. ಚನ್ನಕೇಶವ ಅದರ ಬೆನ್ನಿಗೆ ಕೈಯಿಟ್ಟು ಬೈರಯ್ಯನ ಕಡೆಗೆ ಒಂದು ಗೇಣು ದೂಡಿದ.