ಮಸಿ ಕಾಣದ ಮೂರು ಗರಿ

"ಕಡೆಯ ಗರಿಯವರೆಗೂ ನಾನೇ ಮಸಿ ಹಚ್ಚುತ್ತೇನೆ ತಾಯಿ" ಎಂದು ಮಠದ ಸಿದ್ಧವೀರಯ್ಯ ದೇಮವ್ವನಿಗೆ ಮಾತು ಕೊಟ್ಟಿದ್ದ. ನಾನೂರು ವರ್ಷವಾಯಿತು.

ನಾನು ಓಲೆಗರಿಯ ಕಟ್ಟು. ತಾಳೆಗರಿಯನ್ನು ಬೇಯಿಸಿ, ನೆರಳಲ್ಲಿ ಒಣಗಿಸಿ ನನ್ನನ್ನು ಮಾಡಿದರು. ದೇಮವ್ವ ಕಾಲಿನಿಂದ ತೊಟ್ಟಿಲು ತೂಗುತ್ತ, ಕಬ್ಬಿಣದ ಕಂಟದಿಂದ ತನ್ನದೇ ಒಂದು ಕಥೆಯನ್ನು ನನ್ನ ಮೇಲೆ ಕೊರೆದಳು. ಕೊರೆದ ಅಕ್ಷರ ಹಾಗೇ ಕಾಣುವುದಿಲ್ಲ. ಮಸಿ ಸವರಿ ಒರೆಸಬೇಕು. ಗೀರಿನಲ್ಲಿ ನಿಂತ ಮಸಿಯೇ ಅಕ್ಷರ. ಸಿದ್ಧವೀರಯ್ಯ ಸವರುತ್ತ ಬಂದ. ಕಡೆಯ ಮೂರು ಗರಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿದ. ಅಲ್ಲಿ ಅವಳ ಹೆಸರಿತ್ತು. ಹೆಂಗಸಿನ ಹೆಸರು! ಮಸಿಯ ಬಟ್ಟೆ ಕೆಳಗಿಟ್ಟು, ನನ್ನನ್ನು ಕಟ್ಟಿ ಅಟ್ಟಕ್ಕೆ ಹಾಕಿದ. ನನ್ನ ಹಗೆ ಅಂದು ಹುಟ್ಟಿತು.

ಮಠದಿಂದ ಒಬ್ಬ ಶಾನುಭೋಗರ ಮನೆಗೆ, ಅಲ್ಲಿಂದ ವಿಶ್ವವಿದ್ಯಾಲಯದ ಹಸ್ತಪ್ರತಿ ಕೋಣೆಗೆ ಬಂದೆ. ಕೋಣೆ ನೋಡಿಕೊಳ್ಳುವವಳು ಕಸ್ತೂರವ್ವ, ಗರಿ ಒರೆಸುತ್ತಲೇ ಹಳೆಯ ಲಿಪಿ ಕಲಿತವಳು. ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಕೊಪ್ಪದ. ಅವರು ನನ್ನನ್ನು ಫೋಟೋದಲ್ಲಿ ನೋಡಿ, ಖಾಲಿ ಕಂಡ ಮೂರು ಗರಿಗಳ ಮೇಲೆ ಪುಸ್ತಕವನ್ನೇ ಬರೆದರು. ಈ ಪಠ್ಯಕ್ಕೆ ಕರ್ತೃವಿಲ್ಲ, ಮೌನವೇ ಅದರ ಅರ್ಥ, ಮಧ್ಯಯುಗವೆಂಬುದೇ ನಾವು ಕಟ್ಟಿಕೊಂಡ ಕಲ್ಪನೆ ಎಂದರು. ಆಧುನಿಕೋತ್ತರ ಚಿಂತಕರೆಂದು ಹೆಸರಾಯಿತು. ಆ ಗರಿಗಳನ್ನು ಯಾರೂ ಮುಟ್ಟಕೂಡದೆಂದು ಆಜ್ಞೆಯಾಯಿತು.

ಸಿದ್ಧಾಂತದ ಮೇಲೆ ನನಗೆ ಸಿಟ್ಟಿಲ್ಲ. ಯಾರ ದನಿಯನ್ನು ಯಾರು ಅಡಗಿಸಿದರು ಎಂದು ಕೇಳುವುದೂ ಅದೇ ತಾನೇ? ಇವರು ಕೇಳಲಿಲ್ಲ.

ಕೊನೆಗೆ ನಡುಗನ್ನಡದ ಪಾಠವನ್ನೂ ನಮ್ಮ ಕೋಣೆಯನ್ನೂ ಮುಚ್ಚಿ ಸಿದ್ಧಾಂತ ಕೇಂದ್ರ ತೆರೆಯಬೇಕೆಂದು ಸಭೆ ಕರೆಸಿದರು. ಕೋಣೆ ಹೋದರೆ ನಾವೆಲ್ಲ ಗೋದಾಮಿಗೆ, ಗೆದ್ದಲಿಗೆ.

"ಈ ಶೂನ್ಯ ನೋಡ್ರಿ" ಎಂದು ಕೊಪ್ಪದ ಅವರು ಕುಲಪತಿಗಳಿಗೆ ನನ್ನನ್ನು ತೋರಿಸಿದರು.

"ಸರ, ಅದಕ್ಕ ಮಸೀನ ಹಚ್ಚಿಲ್ಲರೀ" ಎಂದಳು ಕಸ್ತೂರವ್ವ.

"ಇದು ಥಿಯರಿ ಐತವ್ವ. ಧೂಳ ಝಾಡಿಸಿದಂಗಲ್ಲ."

"ಹೌದ್ರಿ. ಧೂಳ ಝಾಡಿಸಾಕ ಹತ್ರ ಬರಬೇಕಾಕ್ಕೈತಿ."

ಯಾರೋ ಕಿಸಕ್ಕೆಂದರು. ಕುಲಪತಿಗಳು ನಗಲಿಲ್ಲ. "ಹಚ್ಚವಾ, ನೋಡೂಣು" ಎಂದರು.

ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಅವಳು ನನ್ನ ಮೇಲೆ ಸವರಿ, ಮೆಲ್ಲಗೆ ಒರೆಸಿದಳು. ನಾಲ್ಕು ನೂರು ವರ್ಷ ತಡೆದಿಟ್ಟದ್ದನ್ನೆಲ್ಲ ಕಾರಿಕೊಂಡೆ. ಅಕ್ಷರಗಳು ಸಾಲು ಸಾಲಾಗಿ ಎದ್ದು ನಿಂತವು.

"ಓದ್ರಿ, ಕೊಪ್ಪದ ಅವರ" ಎಂದರು ಕುಲಪತಿಗಳು.

ಆ ಲಿಪಿ ಅವರಿಗೆ ಬಾರದು. ಆಹಾ, ಆ ಗಳಿಗೆಯ ರುಚಿ! ಕಸ್ತೂರವ್ವನೇ ಓದಿದಳು: "ಇದಂ ಕಟ್ಟಿದವಳ್ ದೇಮವ್ವೆ. ಎನ್ನ ಪೆಸರಂ ಮುಚ್ಚಿದವರ ಬಾಯ್ ಸಭೆಯೊಳ್ ಕಟ್ಟುಗೆ."

ಕೊಪ್ಪದ ಅವರ ಬಾಯಿ ಕಟ್ಟಿತು. ಕೋಣೆ ಮುಚ್ಚುವ ಕಾಗದಕ್ಕೆ ಯಾರೂ ಸಹಿ ಹಾಕಲಿಲ್ಲ.

ಈಗ ನನ್ನ ಅಂಚು ಉದುರುತ್ತಿದೆ. ಮೂಲೆಯ ಕಪಾಟಿನಲ್ಲಿ ಮಲಗಿರುತ್ತೇನೆ. ಹುಡುಗಿಯರು ಬಂದು ದೇಮವ್ವನನ್ನು ತಡವರಿಸುತ್ತ ಓದುತ್ತಾರೆ. ಕ್ಷಮಿಸು ಎಂದು ನನಗೆ ಯಾರೂ ಹೇಳಿಲ್ಲ, ಹೇಳಿದರೂ ಕ್ಷಮಿಸುವವಳಲ್ಲ.

ಸಿದ್ಧವೀರಯ್ಯ ಮಾತು ಮುರಿದ. ಮಸಿ ಹಚ್ಚಿದವಳು ಕಸ್ತೂರವ್ವ.